ನೀರು ಕುಡಿದ ಗೋಡೆ

ತಾನೇ ಸಾರಣೆ ಮಾಡಿದ ಗೋಡೆ ಬೇಗ ಬೀಳಲಿ ಎಂದು ದೇವರನ್ನು ಬೇಡಿಕೊಂಡ ಮೇಸ್ತ್ರಿಯನ್ನು ನನ್ನ ಜೀವಮಾನದಲ್ಲಿ ನಾನು ಒಬ್ಬರನ್ನೇ ಕಂಡಿದ್ದೇನೆ. ಅವರು ಕಿನ್ನಿಗೋಳಿ ಕಡೆಯ ಸಂಕಪ್ಪಣ್ಣ. ಅವರ ಬಗ್ಗೆ ಬರೆಯಿರಿ ಎಂದು ಯಾರೂ ನನ್ನನ್ನು ಕೇಳಿಲ್ಲ. ಗಲ್ಫಿಗೆ ಹೋಗಿ ದೊಡ್ಡ ಮನೆ ಕಟ್ಟಿಸಿದವರ ಕಥೆ ನಮ್ಮ ಕಡೆ ಬೇಕಾದಷ್ಟಿದೆ. ದೊಡ್ಡ ಮನೆಯೊಂದನ್ನು ಬೀಳಿಸಿ ಬಂದವರ ಕಥೆ ಯಾರಿಗೆ ಬೇಕು? ಆದರೆ ಮದುವೆ ಮನೆಗಳಲ್ಲಿ ಊಟದ ಪಂಕ್ತಿಯಲ್ಲಿ ಕೂತು 'ಮನೆ ಕೆಡವಿದ ಸಂಕಪ್ಪ' ಎಂದು ನಗಾಡುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಶಿರ್ವದ ಮಾರ್ಗರೆಟ್. ಎಂಬತ್ತರ ದಶಕದಲ್ಲಿ ಒಮಾನಿನ ಒಳನಾಡಿನಲ್ಲಿ, ನಿಜ್ವಾ ದಾಟಿ ಬೆಟ್ಟದ ಬುಡದಲ್ಲಿದ್ದ ಒಂದು ಊರಿನ ಆರೋಗ್ಯ ಕೇಂದ್ರದಲ್ಲಿ ನರ್ಸ್ ಆಗಿದ್ದೆ. ಮಸ್ಕತ್ತಿನಲ್ಲಿದ್ದ ನನ್ನ ಗೆಳತಿಯರೆಲ್ಲ ಶುಕ್ರವಾರ ಇಗರ್ಜಿಗೆ ಹೋಗಿ ಮೀನು ಮಾರ್ಕೆಟ್ ಸುತ್ತಿ ಬರುವಾಗ, ನನಗೆ ಖರ್ಜೂರದ ತೋಟ, ಕಲ್ಲಿನ ಬೆಟ್ಟ, ಮತ್ತೆ ಖರ್ಜೂರದ ತೋಟ. ಆ ತೋಟದ ನಡುವೆ ಹಾಜಿ ಸೈಫ್ ಅವರ ಮನೆಯಿತ್ತು. ಊರಿನವರು ಅದನ್ನು 'ದೊಡ್ಡ ಬೈತ್' ಎನ್ನುತ್ತಿದ್ದರು. ಬೈತ್ ಎಂದರೆ ಮನೆ.

ಮನೆಯೇನು, ಅರ್ಧ ಕೋಟೆ. ಜಂಜಿಬಾರಿನಲ್ಲಿ ಲವಂಗದ ವ್ಯಾಪಾರ ಮಾಡಿದ ಹಾಜಿಯ ಮುತ್ತಜ್ಜ ಹಡಗಿನಲ್ಲಿ ತಂದ ದುಡ್ಡನ್ನೆಲ್ಲ ಮಣ್ಣಿಗೆ ಹಾಕಿದ್ದ. ಹೌದು, ಮಣ್ಣಿಗೇ. ಒಂದು ಕಲ್ಲಿಲ್ಲದೆ, ಹುಲ್ಲು ಕಲಸಿ ಬಿಸಿಲಲ್ಲಿ ಒಣಗಿಸಿದ ಮಣ್ಣಿನ ಇಟ್ಟಿಗೆಯಿಂದ ಎರಡು ಅಂತಸ್ತು ಎಬ್ಬಿಸಿದ್ದರು. ಗೋಡೆ ಎಷ್ಟು ದಪ್ಪವೆಂದರೆ ಕಿಟಕಿಯ ಸಂದಿಯಲ್ಲಿ ಒಬ್ಬ ಮನುಷ್ಯ ಕಾಲು ಚಾಚಿ ಮಲಗಬಹುದಿತ್ತು. ಬಾಗಿಲ ಮೇಲೊಂದು ಕಂಡಿ. ವೈರಿ ಬಂದರೆ ಅಲ್ಲಿಂದ ಕುದಿಯುವ ಖರ್ಜೂರದ ಪಾಕ ಸುರಿಯಬೇಕು. ಮೆಟ್ಟಿಲುಗಳು ಒಂದು ಎತ್ತರ, ಒಂದು ತಗ್ಗು. ಕತ್ತಲಲ್ಲಿ ಓಡಿ ಬರುವವನು ಮುಗ್ಗರಿಸಲಿ ಎಂದು ಬೇಕೆಂದೇ ಹಾಗೆ ಮಾಡಿದ್ದು. ನಾನೂ ಮುಗ್ಗರಿಸಿದ್ದೇನೆ. ನೆಲದಡಿಯಲ್ಲಿ ಫಲಜ್, ಅಂದರೆ ಬೆಟ್ಟದಿಂದ ಬರುವ ನೀರಿನ ಕಾಲುವೆ ಹರಿಯುತ್ತಿತ್ತು. ಹೆಂಗಸರು ಹೊಸಿಲು ದಾಟದೆ ನೀರು ಸೇದುತ್ತಿದ್ದರು. ಮೇಲಿನ ಕೋಣೆಯ ಮುಚ್ಚಿಗೆಗೆ ಕೆಂಪು ಕಪ್ಪು ಬಣ್ಣದಲ್ಲಿ ಹೂಬಳ್ಳಿ ಬರೆದಿದ್ದರು. ಐವತ್ತರ ದಶಕದ ಬೆಟ್ಟದ ಯುದ್ಧದಲ್ಲಿ ವಿಮಾನದಿಂದ ಬಿದ್ದ ಬಾಂಬು ಒಂದು ಮೂಲೆಯನ್ನು ಮಾತ್ರ ಕಚ್ಚಿಕೊಂಡು ಹೋಗಿತ್ತಂತೆ.

ಹಾಜಿಯ ಮಗ ಹಮದ್ ಇಂಗ್ಲೆಂಡಿನಲ್ಲಿ ಓದಿದವನು, ಮಸ್ಕತ್ತಿನಲ್ಲಿ ದೊಡ್ಡ ಕೆಲಸ. ಇಂಗ್ಲಿಷರ ಹಳ್ಳಿಗಾಡಿನ ಹಳೆಯ ಬಂಗಲೆಗಳನ್ನು ಅವನು ಅಲ್ಲಿ ನೋಡಿದ್ದ. ಮುನ್ನೂರು ವರ್ಷದ ಮನೆ, ಮೂಲೆ ಮೂಲೆ ಕತ್ತರಿಸಿಟ್ಟ ಹಾಗೆ ನೇರ. ಆದಿತ್ಯವಾರ ಜನ ಟಿಕೆಟ್ ತೆಗೆದು ಒಳಗೆ ಹೋಗಿ, ಯಾವ ದೊರೆ ಯಾವ ಕುರ್ಚಿಯಲ್ಲಿ ಕೂತಿದ್ದ ಎಂದು ನೋಡಿ ಬರುತ್ತಾರೆ. ಅಂಥದ್ದೊಂದು ಮನೆಯ ಫೋಟೋವನ್ನು ಅವನು ನನಗೂ ತೋರಿಸಿದ್ದ. ನಮ್ಮದೇನು ಕಡಿಮೆ ಎಂಬುದು ಅವನ ಮಾತು. ಕಡಿಮೆಯೇನೂ ಇರಲಿಲ್ಲ. ಅದು ಕಲ್ಲಿನ ಮನೆ, ಇದು ಮಣ್ಣಿನ ಮನೆ ಎಂಬುದಷ್ಟೇ ವ್ಯತ್ಯಾಸ, ಆ ವ್ಯತ್ಯಾಸ ಯಾರ ತಲೆಗೂ ಹೋಗಲಿಲ್ಲ. ಮಣ್ಣಿನ ಗೋಡೆಗೆ ತಂತಿಯ ಬಲೆ ಹೊಡೆದು, ಮೇಲೆ ಸಿಮೆಂಟ್ ಸಾರಣೆ ಮಾಡಿ, ಇಂಗ್ಲೆಂಡಿನ ಹಾಗೆ ಮೂಲೆ ನೇರ ಮಾಡಿಸುವುದು ಎಂದಾಯಿತು. ಮಸ್ಕತ್ತಿನ ಒಬ್ಬ ಗುತ್ತಿಗೆದಾರನಿಗೆ ಕೆಲಸ ಕೊಟ್ಟರು. ಅವನ ಸೈಟ್ ಇನ್‌ಚಾರ್ಜ್ ಎಲಿಯಾಸ್ ನಮ್ಮ ಕಡೆಯವನೇ, ಅದನ್ನು ಹೇಳಿಕೊಳ್ಳಲು ನನಗೆ ನಾಚಿಕೆ. ಸಾರಣೆಯ ಮೇಸ್ತ್ರಿಯಾಗಿ ಬಂದವರು ಸಂಕಪ್ಪಣ್ಣ.

ಸಂಕಪ್ಪಣ್ಣನ ಸಾರಣೆ ಬಿರುಕು ಬಿಡುವುದಿಲ್ಲ ಎಂದು ಊರಲ್ಲಿ ಹೆಸರು. ಅದರಲ್ಲಿ ಗುಟ್ಟೇನೂ ಇರಲಿಲ್ಲ. ಅವರು ನೀರು ಕುಡಿಸುತ್ತಿದ್ದರು. ಉಳಿದ ಮೇಸ್ತ್ರಿಗಳು ಸಾರಣೆ ಮುಗಿಸಿ ಕೈ ತೊಳೆದು ಹೋದರೆ, ಇವರು ಬೆಳಿಗ್ಗೆ ಬೆಳಕು ಹರಿಯುವ ಮೊದಲೇ ಎದ್ದು ಗೋಡೆಗೆ ನೀರು ಹೊಡೆಯುವರು, ಬಿಸಿಲೇರುವಾಗ ಒದ್ದೆ ಗೋಣಿತಾಟು ನೇತು ಹಾಕುವರು, ತಾರಸಿಯ ಮೇಲೆ ಸುತ್ತಲೂ ಮಣ್ಣಿನ ಕಟ್ಟೆ ಕಟ್ಟಿ ನೀರು ನಿಲ್ಲಿಸುವರು. ನಮ್ಮೂರಿನ ಕೆಂಪು ಮುರಕಲ್ಲಿಗೆ ಅದು ಸರಿ. ಆ ಕಲ್ಲು ಎಷ್ಟು ಮಳೆ ಕಂಡರೂ ಗಟ್ಟಿ. ಒಮಾನಿನ ಬಿಸಿಲು ಕಂಡು ಸಂಕಪ್ಪಣ್ಣನಿಗೆ ಗಾಬರಿಯಾಗಿ, ಊರಲ್ಲಿ ಹೊಡೆಯುತ್ತಿದ್ದುದರ ಎರಡರಷ್ಟು ನೀರು ಹೊಡೆದರು. ಫಲಜ್‌ನಿಂದ ಪಂಪು ಹಚ್ಚಿ ಪೈಪು ಎಳೆದಿದ್ದರು. ತಾರಸಿಯ ಮೇಲೆ ಬಾತುಕೋಳಿ ಬಿಡಬಹುದಿತ್ತು, ಅಷ್ಟು ನೀರು. ಸೋಮಾರಿ ಮೇಸ್ತ್ರಿಯೊಬ್ಬ ಬಂದಿದ್ದರೆ ಆ ಮನೆ ಇವತ್ತಿಗೂ ನಿಂತಿರುತ್ತಿತ್ತೋ ಏನೋ.

ಕೆಲಸ ಶುರುವಾದ ಸ್ವಲ್ಪ ದಿನಕ್ಕೇ ಹಾಜಿ ಸೈಫ್ ತೀರಿಕೊಂಡರು. ಅವರ ಹೆಂಡತಿ ಶಂಸಾ ಇದ್ದಾ ಕೂತರು. ಗಂಡ ಸತ್ತ ಹೆಂಗಸು ನಾಲ್ಕು ತಿಂಗಳು ಹತ್ತು ದಿನ ಗಂಡನ ಮನೆಯಲ್ಲೇ ಇರಬೇಕು, ಹೊಸಿಲು ದಾಟಬಾರದು, ಪರಗಂಡಸರ ಕಣ್ಣಿಗೆ ಬೀಳಬಾರದು. ಅದಕ್ಕೆ ಇದ್ದಾ ಎನ್ನುತ್ತಾರೆ. ಹಾಜಿ ಪ್ರಾಣ ಬಿಟ್ಟ ಕೆಳಗಿನ ಬಡಗು ಕೋಣೆಯಲ್ಲೇ ಶಂಸಾ ಅಜ್ಜಿ ಬಿಳಿ ಬಟ್ಟೆ ಉಟ್ಟು ಕೂತರು. ಅಪ್ಪನ ಆಸೆಯೂ ಇದೇ ಆಗಿತ್ತು, ಕೆಲಸ ನಿಲ್ಲುವುದು ಬೇಡ ಎಂದ ಹಮದ್. ಅಜ್ಜಿಯ ಕಾಲಿನಲ್ಲಿ ಸಕ್ಕರೆ ಕಾಯಿಲೆಯ ಹುಣ್ಣಿತ್ತು. ಅದಕ್ಕೆ ಮದ್ದು ಕಟ್ಟಲು ನಾನು ದಿನಾ ಹೋಗುತ್ತಿದ್ದೆ.

ಹಾಗಾಗಿ ಗೋಡೆಯ ಒಳಗೆ ಅಜ್ಜಿ, ಹೊರಗೆ ಸಂಕಪ್ಪಣ್ಣ. ಒಬ್ಬರನ್ನೊಬ್ಬರು ನೋಡಿದ್ದೇ ಇಲ್ಲ. ಆದರೆ ಅಜ್ಜಿಗೆ ಅವರ ಕರಣೆಯ ಸದ್ದು ಗೊತ್ತಿತ್ತು. ಈ ಹಿಂದಿಯ ಕೈಗೆ ಅವಸರವಿಲ್ಲ ಎಂದು ಒಮ್ಮೆ ನನಗೆ ಹೇಳಿದರು; ಅವರಿಗೆ ಇಂಡಿಯಾದವರೆಲ್ಲ ಹಿಂದಿಗಳೇ. ಸಂಕಪ್ಪಣ್ಣ ಕೆಲಸ ಮಾಡುತ್ತ ತುಳುವಿನಲ್ಲಿ ಪಾಡ್ದನ ಗುನುಗುತ್ತಿದ್ದರು. ಏನು ಹಾಡು ಅದು ಎಂದು ಅಜ್ಜಿ ಕೇಳಿದಾಗ, ಗದ್ದೆಯಲ್ಲಿ ನೇಜಿ ನೆಡುವಾಗ ಹೆಂಗಸರು ಹೇಳುವುದು ಎಂದೆ. ಗಂಡಸು ಹೆಂಗಸರ ಹಾಡು ಹೇಳುತ್ತಾನೆಯೇ ಎಂದು ಅವರು ನಕ್ಕರು. ಗಂಡ ಸತ್ತ ಮೇಲೆ ಅವರು ನಕ್ಕಿದ್ದು ಅದೇ ಮೊದಲು. ಅಂದಿನಿಂದ ಕಿಟಕಿಯ ಸಂದಿಯಲ್ಲಿ ದಿನಾ ಒಂದು ಪುಟ್ಟ ಬಟ್ಟಲು ಕಹ್ವಾ, ಅಂದರೆ ಅರಬರ ಕಾಫಿ, ನಾಲ್ಕು ಖರ್ಜೂರ ಇರುತ್ತಿತ್ತು. ಸಂಕಪ್ಪಣ್ಣ ಕುಡಿದು, ಬಟ್ಟಲು ತೊಳೆದು, ಬೋರಲು ಹಾಕಿ ಇಡುತ್ತಿದ್ದರು.

ಸಾರಣೆ ಮುಗಿದು ಗೋಡೆ ಕನ್ನಡಿಯ ಹಾಗೆ ಹೊಳೆಯಿತು. ಹಮದ್ ಬಂದು ನೋಡಿ ಖುಷಿಪಟ್ಟ. ಅಜ್ಜಿಯ ಇದ್ದಾ ಮುಗಿಯಲು ಇನ್ನೂ ಒಂದು ತಿಂಗಳಿತ್ತು. ಒಂದು ಮಧ್ಯಾಹ್ನ ಸಂಕಪ್ಪಣ್ಣ ಬಡಗು ಗೋಡೆಯ ಹೊರಗೆ ದೀಪ ನೇತು ಹಾಕಲು ಉದ್ದದ ಮೊಳೆ ಹೊಡೆದರು. ಸಿಮೆಂಟ್ ದಾಟುವವರೆಗೆ ಮೊಳೆ ಸದ್ದು ಮಾಡಿತು. ಆಮೇಲೆ ಸದ್ದೇ ಇಲ್ಲ, ಪೂರ್ತಿ ಒಳಗೆ ಹೋಯಿತು. ಎಳೆದು ತೆಗೆದರೆ ತೂತಿನಿಂದ ಕೆಸರು ನೀರು ಇಳಿಯಿತು.

ಅವರು ಓಡುತ್ತ ನನ್ನ ಹತ್ತಿರ ಬಂದರು. ಮುಖದಲ್ಲಿ ರಕ್ತವೇ ಇರಲಿಲ್ಲ. ನಾನು ಯಾರಿಗಾದರೂ ಏಟಾಯಿತೇ ಎಂದುಕೊಂಡೆ.

"ಬಾಯಮ್ಮ, ಗೋಡೆ ಇಲ್ಲ," ಎಂದರು. "ಹೊರಗೆ ಸಿಮೆಂಟ್ ಮಾತ್ರ ಉಂಟು. ಒಳಗೆ ಎಲ್ಲ ಗಂಜಿ ಆಗಿದೆ. ನಾನೇ ನೀರು ಹಾಕಿದ್ದು ಮಾರಾಯ್ರೆ, ನಾನೇ. ಆ ಅಮ್ಮ ಒಳಗೆ ಇದ್ದಾರೆ."

ನಾವಿಬ್ಬರೂ ಎಲಿಯಾಸನ ಕ್ಯಾಬಿನ್ನಿಗೆ ಹೋದೆವು. ಅವನು ಬಾಗಿಲು ಮುಚ್ಚಿ, ದನಿ ತಗ್ಗಿಸಿ, ಮುಂದಿನ ವಾರ ಹ್ಯಾಂಡೋವರ್ ಇದೆ, ಸಹಿ ಬೀಳುವವರೆಗೆ ಒಬ್ಬರೂ ಬಾಯಿ ಬಿಡಬಾರದು ಎಂದ. ಮಣ್ಣಿನ ಗೋಡೆಯಲ್ಲಿ ತೇವ ಇದ್ದೇ ಇರುತ್ತದೆ, ಬಿಸಿಲಿಗೆ ಒಣಗುತ್ತದೆ ಎಂದ. ಸಿಮೆಂಟಿನ ಚಿಪ್ಪಿನೊಳಗೆ ಸಿಕ್ಕಿದ ನೀರು ಎಲ್ಲಿಂದ ಒಣಗುವುದು ಎಂದು ಸಂಕಪ್ಪಣ್ಣ ಕೇಳಿದ್ದಕ್ಕೆ, ಹಾಗಾದರೆ ಹಾಕಿದ್ದು ಯಾರು ಎಂದು ಕೇಳಿದ. ಸಂಕಪ್ಪಣ್ಣ ಬಾಯಿ ಮುಚ್ಚಿದರು. ನಾನು ಮುಚ್ಚಲಿಲ್ಲ. ಹಮದ್‌ಗೆ ನಾನೇ ಫೋನ್ ಮಾಡುತ್ತೇನೆ ಎಂದೆ. ಸಿಸ್ಟರ್, ನಿಮ್ಮ ಕೆಲಸ ಇಂಜೆಕ್ಷನ್ ಕೊಡುವುದು ಎಂದ ಆ ಪುಣ್ಯಾತ್ಮ. ನಾನು ಮಾಡಿಯೇ ಮಾಡಿದೆ. ಆದರೆ ನನಗಿಂತ ಮೊದಲೇ ಅವನು ಫೋನ್ ಮಾಡಿಯಾಗಿತ್ತು: ಮೇಸ್ತ್ರಿಗೆ ಊರಿಗೆ ಹೋಗುವ ಹುಚ್ಚು ಹಿಡಿದಿದೆ, ಏನೇನೋ ಹೇಳಿ ನರ್ಸನ್ನು ಹೆದರಿಸಿದ್ದಾನೆ ಎಂದು. ಹಮದ್ ನನ್ನೊಂದಿಗೆ ಮರ್ಯಾದೆಯಿಂದಲೇ ಮಾತಾಡಿದ. ವಾರದ ಕೊನೆಗೆ ಬಂದು ನೋಡುತ್ತೇನೆ ಎಂದ.

ಉಳಿದದ್ದು ಅಜ್ಜಿಯೊಬ್ಬರೇ. ನನಗೆ ಬರುವ ಅರಬಿಯಲ್ಲಿ ಕೈ ಮುಗಿದು ಹೇಳಿದೆ. ಪ್ರಾಣಕ್ಕೆ ಅಪಾಯವಿದ್ದರೆ ಹೊಸಿಲು ದಾಟಬಹುದು ಎಂದು ಧರ್ಮದಲ್ಲೇ ಇದೆಯಲ್ಲ ಎಂದೂ ಹೇಳಿದೆ. ಅವರು ನನ್ನ ಕೈ ತಟ್ಟಿದರು. ಬಾಂಬಿಗೆ ಬೀಳದ ಮನೆ ಒಂದು ಮೊಳೆಗೆ ಬೀಳುತ್ತದೆಯೇ ಎಂದರು. ಮದುವೆಯಾಗಿ ಬಂದ ದಿನ ಈ ಕೋಣೆಗೆ ಬಂದೆ, ಸೈಫ್ ಇಲ್ಲೇ ಹೋದರು, ನನ್ನ ದಿನ ಮುಗಿಯದೆ ನಾನು ಏಳುವುದಿಲ್ಲ ಎಂದರು. ಅವರು ಒರಗಿ ಕೂತಿದ್ದ ಗೋಡೆಯ ಬುಡದಲ್ಲಿ ಚಾಪೆ ಒದ್ದೆಯಾಗಿತ್ತು. ಅಜ್ಜಿಗೆ ಅದು ತಂಪು ಎನಿಸುತ್ತಿತ್ತು.

ಎರಡು ದಿನ ಸಂಕಪ್ಪಣ್ಣ ಅನ್ನ ಮುಟ್ಟಲಿಲ್ಲ. ತಾರಸಿಯ ಕಟ್ಟೆ ಒಡೆದು ನೀರು ಬಿಟ್ಟರು, ಗೋಣಿ ಕಿತ್ತೆಸೆದರು, ಗೋಡೆಗೆ ಖರ್ಜೂರದ ಮರದ ಕಾಂಡಗಳನ್ನು ಆನಿಸಿ ಆಧಾರ ಕೊಟ್ಟರು. ಎಲಿಯಾಸ್ ಅವನ್ನು ತೆಗೆಸಿದ, ನೋಡಲು ಚೆಂದವಿಲ್ಲವಂತೆ. ಮೂರನೆಯ ಬೆಳಿಗ್ಗೆ ಅವರು ಕಹ್ವಾ ಬಟ್ಟಲು ತೆಗೆದುಕೊಳ್ಳಲು ಕಿಟಕಿಗೆ ಕೈ ಹಾಕಿದಾಗ ಒಳಗಿನ ತೊಲೆಯ ತುದಿ ಗೋಡೆಯಿಂದ ಒಂದು ಬೆರಳು ಜಾರಿದ್ದು ಕಂಡಿತು. ಅದರ ಕೆಳಗೇ ಅಜ್ಜಿಯ ಹಾಸಿಗೆ.

ಸಂಕಪ್ಪಣ್ಣ ಒಳಗೆ ನುಗ್ಗಿದರು. ಇದ್ದಾ ಕೂತ ಹೆಂಗಸಿನ ಕೋಣೆಗೆ, ಪರಗಂಡಸು, ಪರಮತದವರು, ಕೆಸರುಗಾಲಲ್ಲಿ. ಅಜ್ಜಿ ಕಿರುಚಿಕೊಂಡರು. ಅವರ ಮುಸುಕಿನ ಮೇಲೆ ಚಾದರ ಹೊದಿಸಿ, ಮಗುವನ್ನು ಎತ್ತುವ ಹಾಗೆ ಎರಡೂ ಕೈಯಲ್ಲಿ ಎತ್ತಿಕೊಂಡು, ಅಂಗಳ ದಾಟಿ, ಹೆಬ್ಬಾಗಿಲು ದಾಟಿ, ಹೊರಗಿನ ಬೋರೆ ಮರದ ಕೆಳಗೆ ತಂದು ಕೂರಿಸಿದರು. ಅಜ್ಜಿ ಅವರ ಮುಖಕ್ಕೆ ಹೊಡೆಯುತ್ತಲೇ ಇದ್ದರಂತೆ. ಊರು ಸೇರಿತು.

ಗೋಡೆ ಬೀಳಲಿಲ್ಲ.

ಬಿದ್ದಿದ್ದರೆ ಸಂಕಪ್ಪಣ್ಣ ದೇವರಾಗುತ್ತಿದ್ದರು. ಬೀಳದ್ದಕ್ಕೆ ಅವರನ್ನು ತೋಟದ ಕೆಲಸದವರು ಹಗ್ಗದಲ್ಲಿ ಕಟ್ಟಿದರು. ಪೊಲೀಸರು ಬಂದು ಬಿಡಿಸಿ, ಠಾಣೆಗೆ ಕರೆದುಕೊಂಡು ಹೋದರು. ನಾನು ಅಜ್ಜಿಯನ್ನು ಆರೋಗ್ಯ ಕೇಂದ್ರಕ್ಕೆ ತಂದು, ಸಕ್ಕರೆ ವಿಪರೀತ ಏರಿದೆ, ಮಂಚದಿಂದ ಇಳಿಸುವ ಹಾಗಿಲ್ಲ ಎಂದು ಎಲ್ಲರಿಗೂ ಹೇಳಿದೆ. ಸಕ್ಕರೆ ಅಷ್ಟೇನೂ ಏರಿರಲಿಲ್ಲ. ಆ ಸುಳ್ಳಿಗಾಗಿ ನಾನು ಯಾವ ಪಾದ್ರಿಯ ಹತ್ತಿರವೂ ಪಾಪನಿವೇದನೆ ಮಾಡಿಲ್ಲ, ಮಾಡುವುದೂ ಇಲ್ಲ. ಅಜ್ಜಿ ಗೋಡೆಯ ಕಡೆಗೆ ಮುಖ ತಿರುಗಿಸಿ ಮಲಗಿದರು. ನನ್ನೊಂದಿಗೆ ಮಾತು ಬಿಟ್ಟರು.

ಸಂಜೆ ಠಾಣೆಗೆ ಊಟ ತೆಗೆದುಕೊಂಡು ಹೋದೆ. ಸಂಕಪ್ಪಣ್ಣನ ತುಟಿ ಒಡೆದಿತ್ತು. ಅವರು ಊಟದ ಕಡೆ ನೋಡಲೇ ಇಲ್ಲ.

"ಬಿತ್ತಾ?" ಎಂದು ಕೇಳಿದರು.

ಇಲ್ಲ ಎಂದೆ.

"ಕಟೀಲಮ್ಮನಿಗೆ ಹೇಳಿಕೊಂಡಿದ್ದೇನೆ, ಈ ರಾತ್ರಿಯೇ ಬೀಳಿಸು ಅಂತ. ನಾನು ಇಷ್ಟು ವರ್ಷ ಮಾಡಿದ ಕೆಲಸ ಎಲ್ಲ ಬೇಕಾದ್ರೆ ಬೀಳ್ಲಿ. ಬೀಳದಿದ್ರೆ ಅವರು ಅಮ್ಮನನ್ನು ಪುನಃ ಅಲ್ಲಿಯೇ ಕೂರಿಸ್ತಾರೆ ಬಾಯಮ್ಮ. ನೀವು ಎಷ್ಟು ದಿನ ಹಿಡಿದಿಡ್ತೀರಿ?"

ರಾತ್ರಿಯಿಡೀ ನಾನೂ ಜಪಮಾಲೆ ಹಿಡಿದು ಅದನ್ನೇ ಬೇಡಿದೆ. ಯಾರದೋ ಮನೆ ಬೀಳಲಿ ಎಂದು ಮಾತೆ ಮರಿಯಳನ್ನು ಕೇಳುವಾಗ ನನ್ನ ನಾಲಗೆಯೇ ತಡವರಿಸಿತು. ಬೆಳಗಾಯಿತು. ಖರ್ಜೂರದ ಮರಗಳ ಮೇಲಿನಿಂದ ಮನೆಯ ನೇರವಾದ ಮೂಲೆ ಹಾಗೇ ಕಾಣುತ್ತಿತ್ತು. ಮಾರನೆಯ ದಿನವೂ ಹಾಗೇ.

ಹಮದ್ ಬಂದ. ಬರುವಾಗಲೇ ಕೋಪದಲ್ಲಿದ್ದ. ಎಲಿಯಾಸನ ಜೊತೆ ಹೋಗಿ ಗೋಡೆಗೆ ಗುದ್ದಿ ನೋಡಿದ. ಒಳ್ಳೆಯ ಸಿಮೆಂಟ್, ಟಣ್ ಎಂದಿತು. ಸಂಕಪ್ಪಣ್ಣನ ವೀಸಾ ಖಲಾಸ್, ನಾಳೆ ವಿಮಾನ, ಅಮ್ಮ ಮಧ್ಯಾಹ್ನವೇ ಮನೆಗೆ ಬರಬೇಕು ಎಂದು ನನಗೆ ಹೇಳಿ ಕಳಿಸಿದ. ಡಾಕ್ಟರೂ ಅಜ್ಜಿಯ ಸಕ್ಕರೆ ನೋಡಿ, ಹೋಗಬಹುದು ಎಂದುಬಿಟ್ಟರು. ನಾನು ಅಜ್ಜಿಯ ಕಾಲಿನ ಪಟ್ಟಿ ಬಿಚ್ಚಿ, ಪುನಃ ಕಟ್ಟಿ, ಪುನಃ ಬಿಚ್ಚಿ ಹೊತ್ತು ಕಳೆದೆ. ಕಾರು ಹೊರಗೆ ನಿಂತಿತ್ತು.

ಅದೇ ಹೊತ್ತಿಗೆ, ಸಾಮಾನು ತೆಗೆದುಕೊಳ್ಳಲು ಎಂದು ಸಂಕಪ್ಪಣ್ಣನನ್ನು ಒಬ್ಬ ಪೊಲೀಸ್ ದೊಡ್ಡ ಬೈತ್‌ಗೆ ಕರೆತಂದಿದ್ದ. ಅಲ್ಲಿ ನಡೆದದ್ದನ್ನು ಆಮೇಲೆ ನನಗೆ ಹೇಳಿದವನು ಆ ಪೊಲೀಸನೇ. ಸಂಕಪ್ಪಣ್ಣ ಕರಣೆ ತೆಗೆದು ಚೀಲಕ್ಕೆ ಹಾಕಿದರು, ತೂಗುಗುಂಡು ಹಾಕಿದರು, ಸುತ್ತಿಗೆಯನ್ನು ಹಾಕಲಿಲ್ಲ. ಅದನ್ನು ಹಿಡಿದುಕೊಂಡು ಸೀದಾ ಬಡಗು ಗೋಡೆಗೆ ಹೋಗಿ, ತಾನೇ ತೀಡಿ ತೀಡಿ ನುಣ್ಣಗೆ ಮಾಡಿದ ಜಾಗಕ್ಕೆ ಹೊಡೆದರು. ಹಮದ್ ಕೂಗಿದ. ಎಲಿಯಾಸ್ ಓಡಿ ಬಂದು ಕೈ ಹಿಡಿದ. ಅವನನ್ನು ತಳ್ಳಿ ಪುನಃ ಹೊಡೆದರು. ಅಳುತ್ತ ಹೊಡೆಯುತ್ತಿದ್ದರಂತೆ. ಚಿಪ್ಪು ಒಡೆಯಿತು. ಒಡೆದ ಕಡೆಯಿಂದ ಇಟ್ಟಿಗೆ ಕಾಣಲಿಲ್ಲ. ಕರಗಿದ ಮಣ್ಣು ಹುಲ್ಲಿನ ಸಮೇತ ಇಳಿದು ಅವರ ಕಾಲು ಮುಳುಗಿಸಿತು. ಹಮದ್ ಅದನ್ನು ನೋಡುತ್ತ ನಿಂತುಬಿಟ್ಟ. ಸಂಕಪ್ಪಣ್ಣ ಎಲ್ಲರೂ ಓಡಿ ಎಂದು ತುಳುವಿನಲ್ಲಿ ಅರಚಿದರು, ಭಾಷೆ ತಿಳಿಯದಿದ್ದರೂ ಎಲ್ಲರೂ ಓಡಿದರು. ಪೊಲೀಸ್ ಅವರ ಅಂಗಿ ಹಿಡಿದು ಎಳೆದ.

ನಾನು ಕೇಳಿದ್ದು ಸದ್ದು ಮಾತ್ರ. ಧಡ್ ಎಂದಲ್ಲ, ಏನೋ ಭಾರವಾದದ್ದು ಕೂತುಕೊಂಡ ಹಾಗೆ. ಕಿಟಕಿಯ ಗಾಜು ನಡುಗಿತು. ಖರ್ಜೂರದ ಮರಗಳ ಮೇಲೆ ಕಂದು ಧೂಳು ಎದ್ದಿತು. ಆ ನೇರವಾದ ಮೂಲೆ ಇರಲಿಲ್ಲ. ಅಜ್ಜಿ ಮಂಚದ ಮೇಲೆ ಎದ್ದು ಕೂತು, ಅದು ನನ್ನ ಮನೆಯೇ ಎಂದು ಕೇಳಿದರು. ನಾನು ತಲೆಯಾಡಿಸಿದೆ. ನನಗೆ ಅಳು ಬಂತು. ಅವರಿಗೆ ಬರಲಿಲ್ಲ. ಧೂಳು ಇಳಿಯುವವರೆಗೂ ನೋಡುತ್ತ ಕೂತರು.

ಮೇಲಿನ ಕೋಣೆ, ಹೂಬಳ್ಳಿಯ ಮುಚ್ಚಿಗೆ, ಹಾಜಿ ಸತ್ತ ಕೋಣೆ, ಮೋಸದ ಮೆಟ್ಟಿಲು, ಎಲ್ಲ ಒಂದೇ ರಾಶಿ. ಯಾರಿಗೂ ಏಟಾಗಲಿಲ್ಲ. ಮಸ್ಕತ್ತಿಗೆ ಹೋಗೋಣ ಎಂದು ಮಗ ಕಾಲು ಹಿಡಿದರೂ ಅಜ್ಜಿ ಒಪ್ಪಲಿಲ್ಲ. ಇದ್ದಾದ ಉಳಿದ ದಿನಗಳನ್ನು ಅದೇ ಅಂಗಳದಲ್ಲಿ, ಆ ಮಣ್ಣಿನ ರಾಶಿಯ ಪಕ್ಕದಲ್ಲೇ ಕೂರುತ್ತೇನೆ, ಖರ್ಜೂರದ ಗರಿಯ ಒಂದು ಗುಡಿಸಲು ಹಾಕಿ ಕೊಡಿ ಎಂದರು.

ಇದನ್ನು ಕೇಳಿ ಸಂಕಪ್ಪಣ್ಣ ಠಾಣೆಯಿಂದ ನನ್ನನ್ನು ಕರೆಸಿದರು. ಮಡಲು ಹೆಣೆದು ಚಪ್ಪರ ಹಾಕುವುದು ನನಗೆ ಬರುತ್ತದೆ, ವಿಮಾನಕ್ಕೆ ಇನ್ನೂ ಹೊತ್ತಿದೆ, ನಾನೇ ಹಾಕಿಕೊಡುತ್ತೇನೆ, ಕೇಳಿ ನೋಡಿ ಎಂದರು. ಹಮದ್ ಕೂಡ ಆಗಲಿ ಎಂದ. ಅವನ ಕೋಪವೆಲ್ಲ ಆ ಕೆಸರು ನೋಡಿದಾಗಲೇ ಇಳಿದಿತ್ತು. ನಾನು ಹೋಗಿ ಅಜ್ಜಿಯನ್ನು ಕೇಳಿದೆ.

"ನನ್ನನ್ನು ಎತ್ತಿಕೊಂಡ ಕೈ ಮಗನ ಕೈ," ಎಂದರು. "ನನ್ನ ಮನೆಯನ್ನು ಕೊಂದ ಕೈಯೂ ಅದೇ. ಗುಡಿಸಲಿಗೆ ಆ ಕೈ ಬೇಡ. ಅವನಿಗೆ ಎರಡನ್ನೂ ಹೇಳು. ಒಂದನ್ನು ಬಿಟ್ಟು ಒಂದನ್ನು ಹೇಳಬೇಡ."

ನಾನು ಎರಡನ್ನೂ ಹೇಳಿದೆ. ಜೀಪಿನ ಹಿಂದಿನ ಸೀಟಿನಲ್ಲಿ ಚೀಲ ತಬ್ಬಿಕೊಂಡು ಕೂತಿದ್ದ ಸಂಕಪ್ಪಣ್ಣ, ಸರಿ ಬಾಯಮ್ಮ, ಸರಿ ಎಂದರು. ಜೀಪು ಹೋಯಿತು. ಎಲಿಯಾಸ್ ಮುಂದೆ ಮಸ್ಕತ್ತಿನ ಅಲ್ ಅಜೈಬಾದಲ್ಲಿ ಸ್ವಂತ ಕಂಪೆನಿ ಮಾಡಿ ಉದ್ಧಾರವಾದ. ದೇವರ ಲೆಕ್ಕ ನನಗೆ ಅರ್ಥವಾಗುವುದಿಲ್ಲ.

ತೊಂಬತ್ತಾರರಲ್ಲಿ ರಜೆಗೆ ಬಂದಾಗ ಹುಡುಕಿಕೊಂಡು ಅವರ ಮನೆಗೆ ಹೋದೆ. ಸಂಕಪ್ಪಣ್ಣ ಮೇಸ್ತ್ರಿ ಕೆಲಸ ಬಿಟ್ಟು ಬೀಡಿ ಕಂಪೆನಿಯ ಬ್ರಾಂಚಿನಲ್ಲಿ ಕೂರುತ್ತಿದ್ದರು. ಮುರಕಲ್ಲಿನ ಸಣ್ಣ ಮನೆ, ಒಳಗೂ ಹೊರಗೂ ಸಾರಣೆ ಇಲ್ಲ. ಊರಿಗೆಲ್ಲ ಸಾರಣೆ ಮಾಡಿದವರ ಮನೆ ನೋಡಿ ಎಂದು ಅವರ ಹೆಂಡತಿ ಲೋಲಾಕ್ಷಿ ದೂರಿದರು. ಬೆಲ್ಲ ನೀರು ಕೊಟ್ಟರು. ಸುಮಾರು ಹೊತ್ತು ಅದೂ ಇದೂ ಮಾತಾಡಿದ ಮೇಲೆ ಸಂಕಪ್ಪಣ್ಣ ತಲೆ ತಗ್ಗಿಸಿಕೊಂಡು ಕೇಳಿದರು.

"ಮತ್ತೆ ಆ ಅಮ್ಮ ನನ್ನ ಬಗ್ಗೆ ಏನಾದ್ರೂ ಹೇಳಿದ್ರಾ?"

ಶಂಸಾ ಅಜ್ಜಿ ಮಸ್ಕತ್ತಿನ ಬೌಷರ್‌ನಲ್ಲಿ ಮಗನ ಹೊಸ ಮನೆಯಲ್ಲಿ ತೀರಿಕೊಂಡು ಐದು ವರ್ಷವಾಗಿತ್ತು. ಕೊನೆಯವರೆಗೂ ನಾನು ಹೋಗಿ ಬರುತ್ತಿದ್ದೆ. ಹಾಜಿಯ ಬಗ್ಗೆ, ಮನೆಯ ಬಗ್ಗೆ ದಿನವಿಡೀ ಹೇಳುತ್ತಿದ್ದರು. ಸಂಕಪ್ಪಣ್ಣನ ಬಗ್ಗೆ ಒಂದು ಮಾತಿಲ್ಲ. ಇವರಿಗಾಗಿ ಒಂದು ಸುಳ್ಳು ಹೇಳಲು ನನ್ನ ಬಾಯಿಗೆ ಬಂದಿತ್ತು. ಸಕ್ಕರೆಯ ಬಗ್ಗೆ ಹೇಳಿದವಳಿಗೆ ಇದೇನು ಕಷ್ಟ? ಆದರೆ ಅವರು ಮುಖ ಎತ್ತಿ ನೋಡಿದರು, ನನ್ನಿಂದಾಗಲಿಲ್ಲ.

"ಇಲ್ಲ ಸಂಕಪ್ಪಣ್ಣ," ಎಂದೆ. "ಏನೂ ಹೇಳ್ಲಿಲ್ಲ."

ಅವರು ಎದ್ದರು. ಮುಸ್ಸಂಜೆಯಾಗುತ್ತಿತ್ತು. ಗೋಡೆಯ ಬುಡಕ್ಕೆ ಬಗ್ಗಿ ಅಂಗೈ ಇಟ್ಟರು, ಸ್ವಲ್ಪ ಮುಂದೆ ಹೋಗಿ ಪುನಃ ಇಟ್ಟರು, ಹಾಗೇ ಮನೆಯ ಹಿಂದಕ್ಕೆ ಹೋದರು. ದಿನಾ ಮಲಗುವ ಮೊದಲು ಇದೇ, ಮಳೆ ಇರಲಿ ಇಲ್ಲದಿರಲಿ, ಎಂದು ಲೋಲಾಕ್ಷಿ ನನಗೆ ಮೆಲ್ಲಗೆ ಹೇಳಿದರು. ಏಪ್ರಿಲ್ ತಿಂಗಳು, ಬಾವಿಯೂ ಬತ್ತಿತ್ತು. ಮನೆಯ ಸುತ್ತ ಹೋಗಿ ಬಂದ ಸಂಕಪ್ಪಣ್ಣ ಅಂಗೈಯನ್ನು ಪಂಚೆಗೆ ಒರೆಸಿಕೊಂಡರು.

"ಒಣಗಿ ಉಂಟು," ಎಂದು ಹೆಂಡತಿಗೆ ಹೇಳಿದರು. "ಇನ್ನು ಒಳಗೆ ಮಲಗ್ಬಹುದು."